ಮಾಯ್ದ ಗಾಯ, ಉಳಿದ ಊನ

ಪ್ರಶ್ನೆ: ನಮ್ಮೂರಿನಲ್ಲಿ ಬದುವಿನ ಜಗಳದಲ್ಲಿ ಒಬ್ಬರ ಎತ್ತಿನ ಹಿಂಗಾಲಿಗೆ ಕೊಡಲಿ ಏಟು ಬಿದ್ದು ಕೇಸಾಗಿದೆ. ಎತ್ತಿನವರ ಪರ ವಕೀಲರು, ‘ಇದು ಮೇಮಿಂಗ್ ಆಗುತ್ತದೋ ಇಲ್ಲವೋ ಎಂಬುದೇ ಮುಖ್ಯ’ ಎನ್ನುತ್ತಾರೆ. ಅದೇ ವಾರ ಮಗಳು ಓದುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ, ಯುದ್ಧ ನಡೆದ ನಾಡೊಂದರಲ್ಲಿ ನೆಲಬಾಂಬ್ ಸಿಡಿದು ಮಕ್ಕಳು ‘ಮೇಮ್’ ಆದರೆಂಬ ಸುದ್ದಿ ಇತ್ತು. ನಿಘಂಟು ತೆಗೆದರೆ ‘ಗಾಯಗೊಳಿಸು, ಅಂಗಹೀನ ಮಾಡು’ ಎಂದು ಎರಡನ್ನೂ ಕೊಟ್ಟಿದೆ. ಇಂಜುರಿ, ವೂಂಡ್, ಗ್ರೀವಸ್ ಹರ್ಟ್ ಎಂಬ ಮಾತುಗಳಿಗೂ ಇದಕ್ಕೂ ಏನು ವ್ಯತ್ಯಾಸ? ಕನ್ನಡದಲ್ಲಿ ಇದನ್ನು ಏನೆಂದು ಹೇಳಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ನಿಘಂಟು ಕೊಟ್ಟಿರುವ ಎರಡು ಅರ್ಥಗಳಲ್ಲಿ ಎರಡನೆಯದೇ ಸರಿ. ಮೇಮ್ ಎಂದರೆ ದೇಹದ ಒಂದು ಅಂಗವನ್ನು ಕಳೆಯುವುದು, ಇಲ್ಲವೇ ಅದು ಮತ್ತೆಂದೂ ಮೊದಲಿನಂತೆ ಕೆಲಸ ಮಾಡದಂತೆ ಕೆಡಿಸುವುದು. ಎಷ್ಟು ರಕ್ತ ಹೋಯಿತು, ಎಷ್ಟು ನೋವಾಯಿತು, ಎಷ್ಟು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು ಎಂಬುದನ್ನು ಈ ಪದ ಕೇಳುವುದಿಲ್ಲ. ಗಾಯ ಮಾಯ್ದ ಮೇಲೆ ಏನು ಉಳಿಯಿತು, ಏನು ಹೋಯಿತು ಎಂದಷ್ಟೇ ಕೇಳುತ್ತದೆ. ಹೊಟ್ಟೆಗೆ ಚೂರಿ ಬಿದ್ದು ಸಾವಿನ ಬಾಗಿಲು ತಟ್ಟಿ ಬಂದವನು ಆರು ತಿಂಗಳಲ್ಲಿ ಮೊದಲಿನಂತೆ ನೇಗಿಲು ಹಿಡಿದರೆ ಅವನು ‘ಮೇಮ್’ ಆದವನಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೆಬ್ಬೆರಳು ಹೋದವನು, ವಾರದಲ್ಲೇ ಮನೆಗೆ ಬಂದಿದ್ದರೂ, ಆದವನು.

ಹೀಗೆ ಶಾಶ್ವತವಾದ ನಷ್ಟವೇ ಈ ಪದದ ತಿರುಳು. ಆದರೆ ಯಾವ ನಷ್ಟವನ್ನು ನಷ್ಟವೆಂದು ಎಣಿಸಬೇಕು, ಅದು ಯಾರ ನಷ್ಟ ಎಂಬ ವಿಷಯದಲ್ಲಿ ಈ ಪದ ಎಂಟು ನೂರು ವರ್ಷಗಳಲ್ಲಿ ಬಹಳ ದೂರ ನಡೆದು ಬಂದಿದೆ. ಆ ದಾರಿಯನ್ನು ತಿಳಿದರೆ ನಿಮ್ಮ ವಕೀಲರ ಮಾತೂ ಪತ್ರಿಕೆಯ ಮಾತೂ ಒಟ್ಟಿಗೆ ತಿಳಿಯಾಗುತ್ತವೆ.

ರಾಜನ ಸೈನಿಕನ ಕೈ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳ ಭಾಷೆಯಾಗಿ ಫ್ರೆಂಚ್ ಬೇರೂರಿತು. ಆ ಭಾಷೆಯಿಂದ ಇಂಗ್ಲಿಷಿಗೆ ಬಂದ ನೂರಾರು ಕಾನೂನಿನ ಮಾತುಗಳಲ್ಲಿ ಇದೂ ಒಂದು. ಒಂದೇ ಬೇರಿನಿಂದ ಎರಡು ಪದಗಳು ಹುಟ್ಟಿದವು. ಕ್ರಿಯಾಪದ ಮೇಮ್ ಆಯಿತು; ಅಪರಾಧದ ಹೆಸರು ಮೇಹೆಮ್ ಆಯಿತು. ಇಂದು ಸುದ್ದಿವಾಹಿನಿಗಳಲ್ಲಿ ಮೇಹೆಮ್ ಎಂದರೆ ಗದ್ದಲ, ದೊಂಬಿ, ಅಲ್ಲೋಲಕಲ್ಲೋಲ. ಆ ಅರ್ಥ ಬಹಳ ತಡವಾಗಿ ಬಂದದ್ದು. ಅಮೆರಿಕದ ಕೆಲವು ರಾಜ್ಯಗಳ ಕಾನೂನಿನಲ್ಲಿ ಹಳೆಯ ಅರ್ಥ ಇನ್ನೂ ಬದುಕಿದೆ. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 203ನೇ ಕಲಂ ಮೇಹೆಮ್ ಎಂದು ಕರೆಯುವುದು ಅಂಗ ಕಳೆಯುವ, ಕಣ್ಣು ಕೀಳುವ, ನಾಲಿಗೆ, ಮೂಗು, ಕಿವಿ, ತುಟಿ ಸೀಳುವ ಅಪರಾಧವನ್ನೇ. ಅಲ್ಲಿ ನೆಲೆಸಿರುವ ಕನ್ನಡಿಗರು ಪತ್ರಿಕೆಯಲ್ಲಿ ಒಬ್ಬನ ಮೇಲೆ ಮೇಹೆಮ್ ಆರೋಪ ಹೊರಿಸಿದರೆಂದು ಓದಿದರೆ, ಅವನು ಗಲಾಟೆ ಮಾಡಿದನೆಂದು ತಿಳಿಯಬಾರದು.

ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಮೇಹೆಮ್‌ಗೆ ಇದ್ದ ಅಳತೆಗೋಲು ಒಂದೇ: ಕಾಳಗದಲ್ಲಿ ತನ್ನನ್ನು ಕಾಪಾಡಿಕೊಳ್ಳಲು ಅಥವಾ ಎದುರಾಳಿಯನ್ನು ಹೊಡೆಯಲು ಬೇಕಾದ ಅಂಗ ಹೋಯಿತೇ? ವಿಲಿಯಂ ಬ್ಲ್ಯಾಕ್‌ಸ್ಟೋನ್ 1765ರಿಂದ 1769ರವರೆಗೆ ಪ್ರಕಟಿಸಿದ ನಾಲ್ಕು ಸಂಪುಟಗಳ ವ್ಯಾಖ್ಯಾನದಲ್ಲಿ ಈ ನಿಯಮವನ್ನು ಬಿಡಿಸಿ ಹೇಳಿದ್ದಾನೆ. ಕೈ, ಬೆರಳು, ಕಣ್ಣು ಹೋದರೆ ಮೇಹೆಮ್. ಮುಂದಿನ ಹಲ್ಲು ಹೋದರೂ ಮೇಹೆಮ್. ಬೀಜ ಒಡೆದರೂ ಮೇಹೆಮ್, ಏಕೆಂದರೆ ಅದರಿಂದ ಪ್ರಾಣಿಗಳ ಕೆಚ್ಚು ಕುಗ್ಗುತ್ತದೆಂಬ ನಂಬಿಕೆ ಇತ್ತು. ಆದರೆ ಕಿವಿ ಕತ್ತರಿಸಿದರೆ, ಮೂಗು ಕೊಯ್ದರೆ ಮೇಹೆಮ್ ಅಲ್ಲ. ಅವು ಹೋದರೆ ಮನುಷ್ಯ ವಿಕಾರವಾಗಿ ಕಾಣುತ್ತಾನೆಯೇ ಹೊರತು ಅವನ ಕಾದಾಡುವ ಶಕ್ತಿ ಕುಂದುವುದಿಲ್ಲ ಎಂಬುದು ಅಂದಿನ ತರ್ಕ.

ಈ ತರ್ಕದ ಹಿಂದೆ ಇದ್ದವನು ರಾಜ. ಪ್ರಜೆಯ ದೇಹ ರಾಜನ ರಕ್ಷಣೆಗೆ ಮೀಸಲಾದದ್ದು. ಬಲಗೈ ಹೋದವನು ಕತ್ತಿ ಹಿಡಿಯಲಾರ. ಆದ್ದರಿಂದ ಬಲಗೈ ಕಡಿದವನು ಮೊದಲು ರಾಜನಿಗೆ ದ್ರೋಹ ಮಾಡಿದ್ದಾನೆ. ಗಾಯಗೊಂಡವನ ಸ್ವಂತ ಬದುಕು, ಅವನ ದುಡಿಮೆ, ಅವನ ಮುಖ, ಅವನ ಮಾನ ಈ ಲೆಕ್ಕದಲ್ಲಿ ಹಿಂದೆ ಬೀಳುತ್ತಿದ್ದವು. ತೀರಾ ಹಳೆಯ ಕಾಲದಲ್ಲಿ ಇದಕ್ಕೆ ಶಿಕ್ಷೆ ಅಂಗಕ್ಕೆ ಅಂಗ: ಎದುರಾಳಿಯ ಕೈ ತೆಗೆದವನ ಕೈಯನ್ನೇ ತೆಗೆಯುವುದು. ಅದು ನಿಂತುಹೋಗಿ ದಂಡ, ಸೆರೆವಾಸ ಬಂದವು.

ದೇಹ ರಾಜನದೆಂಬ ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದು ತೋರಿಸುವ ಪ್ರಕರಣವೊಂದನ್ನು ನ್ಯಾಯಾಧೀಶ ಎಡ್ವರ್ಡ್ ಕೋಕ್ ದಾಖಲಿಸಿದ್ದಾನೆ. 1613ರ ಸುಮಾರಿಗೆ ಲೆಸ್ಟರ್‌ಶೈರಿನಲ್ಲಿ ರೈಟ್ ಎಂಬ ಗಟ್ಟಿಮುಟ್ಟಾದ ಯುವಕ ದುಡಿಯದೆ ಭಿಕ್ಷೆ ಬೇಡಿ ಬದುಕಲು ನೆಪ ಬೇಕೆಂದು ತನ್ನ ಜೊತೆಗಾರನಿಂದ ತನ್ನ ಎಡಗೈಯನ್ನೇ ಕಡಿಸಿಕೊಂಡ. ಕಡಿಸಿಕೊಂಡವನು ತಾನೇ ಒಪ್ಪಿದ್ದ. ಆದರೂ ಇಬ್ಬರ ಮೇಲೂ ಆರೋಪ ಹೊರಿಸಿ ಇಬ್ಬರಿಗೂ ದಂಡ ವಿಧಿಸಿದರು. ಅಂದಿನ ಕಾನೂನಿನ ದೃಷ್ಟಿಯಲ್ಲಿ ಆ ಕೈ ಪೂರ್ತಿಯಾಗಿ ಅವನದಾಗಿರಲಿಲ್ಲ.

ಒಂದು ಮೂಗು ತಂದ ಬದಲಾವಣೆ

ಈ ಅಳತೆಗೋಲನ್ನು ಮುರಿದದ್ದು ಲಂಡನ್ನಿನ ಬೀದಿಯಲ್ಲಿ ಕೊಯ್ದ ಒಂದು ಮೂಗು. 1670ರಲ್ಲಿ ನಾಟಕಶಾಲೆಗಳ ಮೇಲೆ ತೆರಿಗೆ ಹಾಕುವ ಚರ್ಚೆ ಸಂಸತ್ತಿನಲ್ಲಿ ನಡೆಯುತ್ತಿತ್ತು. ಅರಮನೆಯ ಕಡೆಯವರು, ನಾಟಕದವರು ರಾಜನ ಸೇವಕರು, ರಾಜನ ವಿನೋದಕ್ಕೆ ಸೇರಿದವರು ಎಂದು ವಾದಿಸಿದರು. ಆಗ ಸರ್ ಜಾನ್ ಕೊವೆಂಟ್ರಿ ಎಂಬ ಸದಸ್ಯ ಎದ್ದು ನಿಂತು, ರಾಜನ ವಿನೋದ ಇರುವುದು ನಟರಲ್ಲೋ ನಟಿಯರಲ್ಲೋ ಎಂದು ಕೇಳಿದ. ಎರಡನೆಯ ಚಾರ್ಲ್ಸ್ ದೊರೆಗೆ ನಟಿಯರೊಂದಿಗೆ ಇದ್ದ ಸಂಬಂಧ ಊರಿಗೆಲ್ಲ ಗೊತ್ತಿತ್ತು. ಡಿಸೆಂಬರಿನ ಒಂದು ರಾತ್ರಿ ಮನೆಗೆ ಮರಳುತ್ತಿದ್ದ ಕೊವೆಂಟ್ರಿಯನ್ನು ರಾಜನ ಕಾವಲು ಪಡೆಯವರು ಹೊಂಚು ಹಾಕಿ ಹಿಡಿದರು. ಅವನು ಕತ್ತಿ ಹಿರಿದು ಹೋರಾಡಿದರೂ ಬಿಡದೆ ಕೆಡವಿ, ಮೂಗನ್ನು ಮೂಳೆಯವರೆಗೆ ಸೀಳಿದರು.

ಹಳೆಯ ಕಾನೂನಿನ ಪ್ರಕಾರ ಇದು ಮೇಹೆಮ್ ಅಲ್ಲ. ಕೊವೆಂಟ್ರಿಯ ಎರಡು ಕೈಗಳೂ ನೆಟ್ಟಗಿದ್ದವು; ಅವನು ಇನ್ನೂ ಯುದ್ಧಕ್ಕೆ ಹೋಗಬಲ್ಲವನಾಗಿದ್ದ. ಆದರೆ ಸಂಸತ್ತು ಕೆರಳಿ ನಿಂತಿತು. 1671ರ ಆರಂಭದಲ್ಲಿ ಒಪ್ಪಿಗೆ ಪಡೆದ ಹೊಸ ಕಾಯ್ದೆ ಕೊವೆಂಟ್ರಿ ಆ್ಯಕ್ಟ್ ಎಂದೇ ಹೆಸರಾಯಿತು. ಹೊಂಚು ಹಾಕಿ, ಹಗೆ ಇಟ್ಟುಕೊಂಡು, ಊನಗೊಳಿಸುವ ಇಲ್ಲವೇ ವಿಕಾರಗೊಳಿಸುವ ಉದ್ದೇಶದಿಂದ ನಾಲಿಗೆ ಕತ್ತರಿಸಿದರೆ, ಕಣ್ಣು ಕಿತ್ತರೆ, ಮೂಗು ಅಥವಾ ತುಟಿ ಕೊಯ್ದರೆ, ಕೈಕಾಲು ಕಡಿದರೆ ಮರಣದಂಡನೆ ಎಂದು ಅದು ಸಾರಿತು. ಮನುಷ್ಯನ ಮುಖಕ್ಕೂ ಬೆಲೆ ಇದೆ, ಅದನ್ನು ಕೆಡಿಸುವುದು ಕೈ ಕಡಿದಷ್ಟೇ ಘೋರ ಎಂಬ ಮಾತು ಮೊದಲ ಬಾರಿಗೆ ಇಷ್ಟು ಸ್ಪಷ್ಟವಾಗಿ ಇಂಗ್ಲಿಷ್ ಕಾನೂನಿಗೆ ಬಂತು.

ಈ ಕಾಯ್ದೆಯಲ್ಲಿದ್ದ ‘ಉದ್ದೇಶ’ ಎಂಬ ಪದವನ್ನೇ ಹಿಡಿದು ತಪ್ಪಿಸಿಕೊಳ್ಳಲು ನೋಡಿದವನೂ ಒಬ್ಬನಿದ್ದ. 1722ರಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಊರಿನಲ್ಲಿ ಅರಂಡೆಲ್ ಕೋಕ್ ಎಂಬ ವಕೀಲ ತನ್ನ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಆಸ್ತಿಗಾಗಿ ಮುಗಿಸಲು ವುಡ್‌ಬರ್ನ್ ಎಂಬ ಆಳನ್ನು ಹಚ್ಚಿದ. ಆಳು ಕತ್ತಿಯಿಂದ ಮುಖ ಕೊಚ್ಚಿ ಮೂಗು ಸೀಳಿದ. ಏಟು ತಿಂದವನು ಬದುಕಿ ಉಳಿದ. ವಿಚಾರಣೆಯಲ್ಲಿ ಕೋಕ್, ತನ್ನ ಉದ್ದೇಶ ಕೊಲ್ಲುವುದಾಗಿತ್ತು, ವಿಕಾರಗೊಳಿಸುವುದಾಗಿರಲಿಲ್ಲ, ಆದ್ದರಿಂದ ಈ ಕಾಯ್ದೆ ತನಗೆ ತಾಗದು ಎಂದು ವಾದಿಸಿದ. ಅಂದು ಕೊಲೆಯ ಯತ್ನಕ್ಕೆ ಮರಣದಂಡನೆ ಇರಲಿಲ್ಲ. ಜ್ಯೂರಿ ಅವನ ಮಾತನ್ನು ಒಪ್ಪಲಿಲ್ಲ. ಇಬ್ಬರಿಗೂ ಗಲ್ಲಾಯಿತು. ಕೊವೆಂಟ್ರಿ ಆ್ಯಕ್ಟ್ 1828ರವರೆಗೆ ಜಾರಿಯಲ್ಲಿತ್ತು.

ಮೈಸೂರಿನ ರಣರಂಗದಿಂದ ಲಂಡನ್ನಿಗೆ

ಮೂಗು ಕೊಯ್ಯುವುದೆಂದರೆ ಮಾನ ಕಳೆಯುವುದೆಂದು ನಮ್ಮ ನಾಡಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾಮಾಯಣ ಕೇಳಿದ ಮಗುವಿಗೂ ಅದು ಗೊತ್ತು. ಕೊವೆಂಟ್ರಿಯ ಕಾಲಕ್ಕೆ ಸ್ವಲ್ಪ ಮೊದಲು, 17ನೇ ಶತಮಾನದ ನಡುವಿನಲ್ಲಿ, ಮೈಸೂರಿಗೂ ಮಧುರೆಯ ನಾಯಕರಿಗೂ ನಡೆದ ಕಾಳಗ ಚರಿತ್ರೆಯಲ್ಲಿ ಮೂಗು ಕೊಯ್ದ ಯುದ್ಧವೆಂದೇ ಉಳಿದಿದೆ.

ಈ ಪದದ ಕಥೆಗೆ ಇನ್ನೂ ಹತ್ತಿರವಾದದ್ದು ಮೂರನೆಯ ಮೈಸೂರು ಯುದ್ಧದ ಒಂದು ಘಟನೆ. ಇಂಗ್ಲಿಷ್ ಸೈನ್ಯದ ಸಾಮಾನು ಸಾಗಿಸುತ್ತಿದ್ದ ಕಾವಸ್ಜಿ ಎಂಬ ಮರಾಠ ಎತ್ತಿನ ಗಾಡಿಯವನು 1792ರಲ್ಲಿ ಟಿಪ್ಪು ಸುಲ್ತಾನನ ಕಡೆಯವರ ಕೈಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳುಹಿಸಿದರು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲಕ್ಕೆ ಸೇರಿದ ನಾಟಿ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬಿಡಿಸಿ, ಬುಡ ಕಡಿಯದೆ ಕೆಳಗೆ ತಿರುಗಿಸಿ, ಹೊಸ ಮೂಗು ಕಟ್ಟಿಕೊಟ್ಟ. ಅದನ್ನು ಕಂಡ ಇಂಗ್ಲಿಷರು ಬರೆದ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಕಾವಸ್ಜಿಯ ಚಿತ್ರದೊಂದಿಗೆ ಅಚ್ಚಾಯಿತು. ಅದನ್ನು ಓದಿ ಅಭ್ಯಾಸ ಮಾಡಿದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನದಿಂದ ಮೂಗು ಕಟ್ಟಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರೆಲ್ಲ ಕಾವಸ್ಜಿಯ ಹೆಸರನ್ನು ಹೇಳಿಯೇ ಮುಂದೆ ಹೋಗುತ್ತಾರೆ.

ಹಳೆಯ ಇಂಗ್ಲಿಷ್ ಅಳತೆಗೋಲಿನಲ್ಲಿ ಕಾವಸ್ಜಿಯ ಕೈ ಹೋದದ್ದು ಮೇಹೆಮ್. ಮೂಗು ಹೋದದ್ದು ಅಲ್ಲ. ಆದರೆ ಅವನು ಕಷ್ಟಪಟ್ಟು ಮರಳಿ ಪಡೆದದ್ದು ಮೂಗನ್ನು. ನಾಲ್ಕು ಜನರ ನಡುವೆ ಮುಖ ಎತ್ತಿ ನಿಲ್ಲುವುದು ಮನುಷ್ಯನಿಗೆ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗ್ರೀವಸ್ ಹರ್ಟ್ ಎಂಬ ಇನ್ನೊಂದು ಗೆರೆ

ಈಗ ನೀವು ಕೇಳಿದ ಗ್ರೀವಸ್ ಹರ್ಟ್‌ಗೆ ಬರೋಣ. ಥಾಮಸ್ ಮೆಕಾಲೆಯ ನೇತೃತ್ವದ ಕಾನೂನು ಆಯೋಗ 1837ರಲ್ಲಿ ಭಾರತಕ್ಕಾಗಿ ದಂಡ ಸಂಹಿತೆಯ ಕರಡು ಸಿದ್ಧಪಡಿಸಿದಾಗ, ಇಂಗ್ಲೆಂಡಿನ ಮೇಹೆಮ್ ಎಂಬ ಗೋಜಲನ್ನು ಹಾಗೆಯೇ ತರಲಿಲ್ಲ. ಸಣ್ಣ ಪೆಟ್ಟಿಗೂ ದೊಡ್ಡ ಪೆಟ್ಟಿಗೂ ನಡುವೆ ನಿಖರವಾದ ಗೆರೆ ಎಳೆಯಲಾಗದು. ಆದರೂ ಒರಟಾಗಿಯಾದರೂ ಒಂದು ಗೆರೆ ಬೇಕು ಎಂದು ಆಯೋಗ ಭಾವಿಸಿತು. ಹಾಗೆ ಎಳೆದ ಗೆರೆಯೇ 1860ರ ಭಾರತೀಯ ದಂಡ ಸಂಹಿತೆಯ 320ನೇ ಕಲಂ. 1862ರ ಜನವರಿ 1ರಿಂದ ಜಾರಿಗೆ ಬಂದ ಆ ಸಂಹಿತೆ 2024ರ ಜೂನ್ ಕೊನೆಯವರೆಗೆ ನಡೆಯಿತು. ಆ ಬಳಿಕ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 116ನೇ ಕಲಂ ಆಗಿದೆ.

ಅದರಲ್ಲಿ ಎಂಟು ಬಗೆಗಳಿವೆ: ಪುರುಷತ್ವ ಹರಣ, ಒಂದು ಕಣ್ಣಾದರೂ ಶಾಶ್ವತವಾಗಿ ಕುರುಡಾಗುವುದು, ಒಂದು ಕಿವಿಯಾದರೂ ಶಾಶ್ವತವಾಗಿ ಕಿವುಡಾಗುವುದು, ಅಂಗ ಅಥವಾ ಕೀಲು ಹೋಗುವುದು, ಅಂಗದ ಅಥವಾ ಕೀಲಿನ ಶಕ್ತಿ ಶಾಶ್ವತವಾಗಿ ಕೆಡುವುದು, ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು ಇಲ್ಲವೇ ಜಾರುವುದು, ಕೊನೆಯದಾಗಿ, ಜೀವಕ್ಕೆ ಅಪಾಯ ತರುವ ಗಾಯ, ಅಥವಾ ಇಷ್ಟು ದಿನ ತೀವ್ರ ನೋವಿನಲ್ಲಿ ನರಳುವಂತೆ ಇಲ್ಲವೇ ನಿತ್ಯದ ಕೆಲಸಕ್ಕೆ ಹೋಗದಂತೆ ಮಾಡುವ ಗಾಯ. ಆ ‘ಇಷ್ಟು ದಿನ’ ಹಳೆಯ ಸಂಹಿತೆಯಲ್ಲಿ 20 ದಿನ ಇತ್ತು. ಹೊಸ ಸಂಹಿತೆಯಲ್ಲಿ 15ಕ್ಕೆ ಇಳಿದಿದೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಎರಡು ಸಂಗತಿಗಳು ಕಾಣುತ್ತವೆ. ಒಂದು, ಕಿವಿ ಮತ್ತು ಮುಖ ಈಗ ಕೈಯ ಸಮಕ್ಕೆ ಬಂದು ಕುಳಿತಿವೆ. ರಾಜನ ಸೈನ್ಯದ ಲೆಕ್ಕ ಹೋಗಿ ಗಾಯಗೊಂಡವನ ಬದುಕಿನ ಲೆಕ್ಕ ಬಂದಿದೆ. ಎರಡು, ಗ್ರೀವಸ್ ಎಂಬ ಬಲೆ ಮೇಮ್‌ಗಿಂತ ಅಗಲವಾದದ್ದು. ಮೊದಲ ಆರು ಬಗೆಗಳು ಮೇಮ್‌ಗೆ ಹತ್ತಿರ. ಕೊನೆಯ ಎರಡು ಹಾಗಲ್ಲ. ಮುಂಗೈ ಮೂಳೆ ಮುರಿದು ಆರು ವಾರದಲ್ಲಿ ಕೂಡಿಕೊಂಡರೂ ಅದು ಗ್ರೀವಸ್. ಆದರೆ ಆ ವ್ಯಕ್ತಿ ಮೇಮ್ ಆದವನಲ್ಲ.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರು ಪೊಲೀಸರಿಗೆ ಕೊಡುವ ವೂಂಡ್ ಸರ್ಟಿಫಿಕೇಟಿನಲ್ಲಿ ಪ್ರತಿ ಗಾಯದ ಮುಂದೆ ಸಿಂಪಲ್ ಅಥವಾ ಗ್ರೀವಸ್ ಎಂದು ಬರೆಯುವುದು ಈ ಪಟ್ಟಿಯನ್ನು ಹಿಡಿದೇ. ಠಾಣೆಯ ಕನ್ನಡದಲ್ಲಿ ಅದು ‘ಸಾದಾ ಸ್ವರೂಪದ ಗಾಯ’ ಮತ್ತು ‘ತೀವ್ರ ಸ್ವರೂಪದ ಗಾಯ’ ಆಗುತ್ತದೆ. ತಲೆಗೆ ಏಟು ಬಿದ್ದು ಅಂಗಿಯೆಲ್ಲ ರಕ್ತವಾಗಿದ್ದರೂ ಸಾದಾ ಎಂದು ಬರೆದರೆಂದು ಮನೆಯವರು ನೊಂದುಕೊಳ್ಳುವುದುಂಟು. ಅಲ್ಲಿ ಸಾದಾ ಎಂದರೆ ನೋವು ಕಡಿಮೆ ಎಂದಲ್ಲ, ಆ ಎಂಟರ ಪಟ್ಟಿಗೆ ಸೇರಲಿಲ್ಲ ಎಂದು. ಇದರಿಂದ ಶಿಕ್ಷೆಯೂ ಬದಲಾಗುತ್ತದೆ: ಆಯುಧವಿಲ್ಲದೆ ಉದ್ದೇಶಪೂರ್ವಕವಾಗಿ ಮಾಡಿದ ಸಾದಾ ಗಾಯಕ್ಕೆ ಗರಿಷ್ಠ ಒಂದು ವರ್ಷ, ತೀವ್ರ ಗಾಯಕ್ಕೆ ಗರಿಷ್ಠ ಏಳು ವರ್ಷ ಸೆರೆವಾಸ. ಹೊಸ ಸಂಹಿತೆ ಇನ್ನೊಂದು ಮೆಟ್ಟಿಲನ್ನೂ ಸೇರಿಸಿದೆ. ತೀವ್ರ ಗಾಯದಿಂದ ಶಾಶ್ವತ ಅಂಗವೈಕಲ್ಯ ಉಂಟಾದರೆ ಅಥವಾ ವ್ಯಕ್ತಿ ಪ್ರಜ್ಞೆಯಿಲ್ಲದೆ ಜೀವಚ್ಛವವಾಗಿ ಉಳಿದರೆ 117ನೇ ಕಲಮಿನ ಮೂರನೆಯ ಉಪಕಲಂ ಪ್ರಕಾರ ಕನಿಷ್ಠ ಹತ್ತು ವರ್ಷ ಕಠಿಣ ಸೆರೆವಾಸ. ಅದು ಜೀವನಪೂರ್ತಿಯೂ ಆಗಬಹುದು. ಮೂಳೆ ಕೂಡಿಕೊಂಡವನನ್ನೂ ಕೈ ಕಳೆದುಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂಬ ತಿಳಿವಳಿಕೆ ಇಲ್ಲಿದೆ.

ನಮ್ಮ ಕಾನೂನಿನಲ್ಲಿ ಮೇಮ್ ಉಳಿದಿರುವ ಜಾಗಗಳು

ಹಾಗಾದರೆ ಮೇಮ್ ಎಂಬ ಪದ ನಮ್ಮ ದಂಡ ಸಂಹಿತೆಯಿಂದ ಪೂರ್ತಿ ಹೋಯಿತೇ? ಇಲ್ಲ. ಮೂರು ಕಡೆ ಅದು ನಿಂತಿದೆ. ಮೂರೂ ಕಡೆ ಏಟು ತಿನ್ನುವವರು ತಿರುಗಿ ಹೊಡೆಯಲಾರದವರು.

ಮೊದಲನೆಯದು ಪ್ರಾಣಿಗಳು. ಹಳೆಯ ಸಂಹಿತೆಯ 428 ಮತ್ತು 429ನೇ ಕಲಮುಗಳನ್ನು ಒಂದುಗೂಡಿಸಿ ಹೊಸದರಲ್ಲಿ 325ನೇ ಕಲಂ ಮಾಡಿದ್ದಾರೆ. ಯಾವುದೇ ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಮೇಮ್ ಮಾಡುವುದು ಅಥವಾ ಉಪಯೋಗಕ್ಕೆ ಬಾರದಂತೆ ಮಾಡುವುದು ಅಪರಾಧ. ಐದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಇಲ್ಲಿ ಮೇಮ್ ಎಂದರೆ ಪ್ರಾಣಿಯ ಒಂದು ಅಂಗ ಹೋಗಬೇಕು ಅಥವಾ ಶಾಶ್ವತವಾಗಿ ಕೆಲಸಕ್ಕೆ ಬಾರದಾಗಬೇಕು. ಬರೀ ಚರ್ಮ ಕಿತ್ತು ಮಾಯುವ ಗಾಯವಾದರೆ ಅದು ಈ ಪದದೊಳಗೆ ಬರುವುದಿಲ್ಲ. ನಿಮ್ಮೂರಿನ ಎತ್ತಿನ ವಿಷಯದಲ್ಲಿ ವಕೀಲರು ಮೇಮಿಂಗ್ ಆಗುತ್ತದೋ ಇಲ್ಲವೋ ಎಂದದ್ದು ಇದಕ್ಕೇ. ಕೊಡಲಿ ಏಟು ಹಿಂಗಾಲಿನ ನರವನ್ನು ಕಡಿದಿದ್ದು ಎತ್ತು ಇನ್ನು ಎಂದೂ ಆ ಕಾಲೂರಿ ನಡೆಯಲಾರದೆಂದಾದರೆ ಅದು ಮೇಮಿಂಗ್. ಕಾಲು ಉಳಿದರೂ ಎತ್ತು ನೊಗಕ್ಕೆ, ಗಾಡಿಗೆ ಬಾರದಾದರೆ ‘ಉಪಯೋಗಕ್ಕೆ ಬಾರದಂತೆ ಮಾಡುವುದು’ ಎಂಬ ಮಾತು ಅದನ್ನು ಹಿಡಿಯುತ್ತದೆ. ಎರಡನ್ನೂ ಸಾಬೀತು ಮಾಡಲು ಪಶುವೈದ್ಯಾಧಿಕಾರಿಯ ಪ್ರಮಾಣಪತ್ರ ಬೇಕು. ಅದರಲ್ಲಿ ಗಾಯದ ಉದ್ದ, ಆಳದ ಜೊತೆಗೆ ಕಾಲು ಮತ್ತೆ ಸರಿಯಾಗುತ್ತದೆಯೇ, ಪ್ರಾಣಿ ದುಡಿಮೆಗೆ ಬರುತ್ತದೆಯೇ ಎಂಬ ಅಭಿಪ್ರಾಯವೂ ಇರಬೇಕು. ಎತ್ತಿನವರು ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ.

ಜಾನುವಾರುಗಳ ಅಂಗ ಕಡಿಯುವುದು ಇಂಗ್ಲೆಂಡಿನ ಹಳ್ಳಿಗಳಲ್ಲೂ ಹಳೆಯ ಹಗೆ ತೀರಿಸುವ ದಾರಿಯಾಗಿತ್ತು. 1723ರ ಬ್ಲ್ಯಾಕ್ ಆ್ಯಕ್ಟ್ ಅದಕ್ಕೆ ಮರಣದಂಡನೆಯನ್ನೇ ಇಟ್ಟಿತ್ತು. 1903ರಲ್ಲಿ ಸ್ಟಾಫರ್ಡ್‌ಶೈರಿನ ಗ್ರೇಟ್ ವೈರ್ಲಿ ಊರಿನಲ್ಲಿ ರಾತ್ರಿ ಹೊತ್ತು ಕುದುರೆ, ಹಸು, ಕುರಿಗಳನ್ನು ಸೀಳುವ ಸರಣಿಯೇ ನಡೆಯಿತು. ಪತ್ರಿಕೆಗಳು ಅದನ್ನು ಮೇಮಿಂಗ್ ಎಂದೇ ಕರೆದವು. ಮುಂಬೈಯಿಂದ ಹೋಗಿ ಅಲ್ಲಿ ಪಾದ್ರಿಯಾಗಿದ್ದ ಪಾರ್ಸಿ ಮೂಲದ ಶಾಪುರ್ಜಿ ಎಡಲ್ಜಿಯವರ ಮಗ, ವಕೀಲ ಜಾರ್ಜ್ ಎಡಲ್ಜಿಯನ್ನು ಹಿಡಿದು ಏಳು ವರ್ಷ ಶಿಕ್ಷೆ ವಿಧಿಸಿದರು. ಮೂರು ವರ್ಷ ಸೆರೆಯಲ್ಲಿದ್ದು ಬಿಡುಗಡೆಯಾದ ಅವರ ಪರವಾಗಿ ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಆರ್ಥರ್ ಕೊನನ್ ಡಾಯ್ಲ್ 1907ರಲ್ಲಿ ಬರೆದರು. ಹತ್ತಿರದ್ದೂ ಸರಿಯಾಗಿ ಕಾಣದಷ್ಟು ದೃಷ್ಟಿ ಮಂದವಾಗಿದ್ದ ಮನುಷ್ಯ ಕತ್ತಲಲ್ಲಿ ಹೊಲ ದಾಟಿ ಹೋಗಿ ಇದನ್ನು ಮಾಡಿರಲಾರ ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ಅದೇ ವರ್ಷ ಸರ್ಕಾರ ಎಡಲ್ಜಿಯವರಿಗೆ ಕ್ಷಮಾದಾನ ಕೊಟ್ಟಿತು. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ 1907ರಲ್ಲಿ ಸ್ಥಾಪನೆಯಾಗಲು ಈ ಪ್ರಕರಣವೂ ಒಂದು ಕಾರಣವಾಯಿತು.

ಎರಡನೆಯದು ಮಕ್ಕಳು. ಮಕ್ಕಳನ್ನು ಕದ್ದು, ಕೈಕಾಲು ಊನ ಮಾಡಿ ಭಿಕ್ಷೆಗೆ ಕೂರಿಸುವ ಕ್ರೌರ್ಯವನ್ನು ತಡೆಯಲು 1959ರ ತಿದ್ದುಪಡಿಯಿಂದ ಹಳೆಯ ಸಂಹಿತೆಗೆ 363ಎ ಕಲಂ ಸೇರಿತು. ಹೊಸದರಲ್ಲಿ ಅದು 139. ಭಿಕ್ಷೆಗಾಗಿ ಮಗುವನ್ನು ಮೇಮ್ ಮಾಡಿದವನಿಗೆ ಕನಿಷ್ಠ 20 ವರ್ಷ ಸೆರೆವಾಸ. ಅದು ಅವನ ಉಳಿದ ಜೀವನದುದ್ದಕ್ಕೂ ಆಗಬಹುದು. ಲೆಸ್ಟರ್‌ಶೈರಿನ ರೈಟ್‌ನನ್ನು ಶಿಕ್ಷಿಸಿದ್ದು ರಾಜನಿಗೆ ಆದ ನಷ್ಟಕ್ಕಾಗಿ. ಇಲ್ಲಿ ಶಿಕ್ಷೆ ಇರುವುದು ಮಗುವಿಗೆ ಆದ ನಷ್ಟಕ್ಕಾಗಿ.

ಮೂರನೆಯದು ಆ್ಯಸಿಡ್ ದಾಳಿ. 2013ರವರೆಗೆ ಇದಕ್ಕೆ ಪ್ರತ್ಯೇಕ ಕಲಮೇ ಇರಲಿಲ್ಲ. ಗ್ರೀವಸ್ ಹರ್ಟ್ ಅಡಿಯಲ್ಲೇ ಪ್ರಕರಣ ನಡೆಯುತ್ತಿತ್ತು. ಆ ವರ್ಷ ಸೇರಿದ 326ಎ, ಈಗಿನ 124ನೇ ಕಲಂ, ಸುಡುವುದು, ಮೇಮ್ ಮಾಡುವುದು, ವಿಕಾರಗೊಳಿಸುವುದು, ಅಶಕ್ತಗೊಳಿಸುವುದು ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಹೆಸರಿಸಿ ಕನಿಷ್ಠ ಹತ್ತು ವರ್ಷ ಶಿಕ್ಷೆ ಇಟ್ಟಿದೆ. ಪದಗಳನ್ನು ಹೀಗೆ ಸಾಲಾಗಿ ಇಡಲು ಕಾರಣವಿದೆ. ಆ್ಯಸಿಡ್ ಒಮ್ಮೆಗೇ ಕಣ್ಣನ್ನೂ ಕಿವಿಯನ್ನೂ ಮುಖವನ್ನೂ ತಿನ್ನುತ್ತದೆ. ಯಾವ ಒಂದು ಪದವೂ ಅದನ್ನು ಪೂರ್ತಿ ಹೇಳಲಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ್ಯಸಿಡ್ ದಾಳಿಗೆ ಗುರಿಯಾದವರನ್ನೂ ತನ್ನ ರಕ್ಷಣೆಯೊಳಗೆ ಸೇರಿಸಿಕೊಂಡಿದೆ.

ದುಡಿಮೆಯ ಲೆಕ್ಕ

ರಾಜನ ಲೆಕ್ಕಕ್ಕೂ ವ್ಯಕ್ತಿಯ ಲೆಕ್ಕಕ್ಕೂ ನಡುವೆ ದುಡಿಮೆಯ ಲೆಕ್ಕವೂ ಒಂದಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಪ್ರತಿ ಅಂಗಕ್ಕೂ ಗಳಿಕೆಯ ಶಕ್ತಿಯ ಶೇಕಡಾವಾರು ನಷ್ಟವನ್ನು ಬರೆದಿಟ್ಟಿದ್ದರು: ಹೆಬ್ಬೆರಳು ಹೋದರೆ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14, ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣು ಹೋದರೆ ಶೇ 40, ಎರಡು ಕೈಗಳೂ ಹೋದರೆ ಶೇ 100. ಕತ್ತಿ ಹಿಡಿಯುವ ಕೈಯ ಜಾಗದಲ್ಲಿ ಇಲ್ಲಿ ಕೂಲಿ ತರುವ ಕೈ ಬಂದಿದೆ.

ಈ ಲೆಕ್ಕ ಅಗತ್ಯವೇ. ಆದರೆ ಪಟ್ಟಿಯೊಂದೇ ಸಾಲದೆಂದು ಸುಪ್ರೀಂ ಕೋರ್ಟು 2010ರಲ್ಲಿ ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಅಪಘಾತ ಪರಿಹಾರದ ಪ್ರಕರಣದಲ್ಲಿ ವಿವರಿಸಿತು. ಎಡಗೈ ಹೋದವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಹಾಗೆಂದು ಗುಮಾಸ್ತನ ನಷ್ಟ ನಷ್ಟವಲ್ಲವೆಂದಲ್ಲ. ಬದುಕಿನ ಸುಖ, ಅನುಕೂಲಗಳು ಹೋದದ್ದಕ್ಕೆ ಅವನಿಗೂ ಪರಿಹಾರ ಸಿಗಬೇಕು. ಮೋಟಾರು ಅಪಘಾತದ ಪರಿಹಾರ ಕೇಳಿ ನ್ಯಾಯಮಂಡಳಿಗೆ ಹೋಗುವವರು ಈ ತೀರ್ಪನ್ನು ತಿಳಿದಿರುವುದು ಒಳ್ಳೆಯದು. ವೈದ್ಯರು ಬರೆದ ಶೇಕಡಾವಾರಿನ ಜೊತೆಗೆ, ಆ ಊನದಿಂದ ತಮ್ಮ ಕಸುಬಿಗೆ ಏನಾಯಿತೆಂಬುದನ್ನೂ ಅವರು ಸಾಕ್ಷಿ ಸಮೇತ ಹೇಳಬೇಕು.

ಬಳಸುವ ಬಗೆ

ಇನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಯಾವುದನ್ನು ಎಲ್ಲಿ ಬಳಸಬೇಕು ಎಂಬುದು. ಹರ್ಟ್ ಎಲ್ಲಕ್ಕಿಂತ ಸಡಿಲವಾದ ಮಾತು. ಮೈಗೂ ಮನಸ್ಸಿಗೂ ಸಲ್ಲುತ್ತದೆ. ಇಂಜುರ್ ಸಾಮಾನ್ಯವಾಗಿ ಅಪಘಾತ, ಆಟ, ಕೆಲಸದ ಜಾಗದಲ್ಲಾಗುವ ಪೆಟ್ಟು. ವೂಂಡ್ ಎಂದರೆ ಚಾಕು, ಗುಂಡು, ಯುದ್ಧದ ಗಾಯ. ಬಸ್ಸು ಮಗುಚಿ ಪೆಟ್ಟಾದವರನ್ನು ವೂಂಡೆಡ್ ಎನ್ನುವುದು ಇಂಗ್ಲಿಷಿಗೆ ಒಗ್ಗುವುದಿಲ್ಲ. ಡಿಸ್‌ಫಿಗರ್ ರೂಪ ಕೆಡಿಸುವುದು. ಮ್ಯುಟಿಲೇಟ್ ಎಂದರೆ ಕೊಚ್ಚಿ, ಕತ್ತರಿಸಿ ಹಾಳುಗೆಡಹುವುದು. ಹೆಣಕ್ಕೂ ಪುಸ್ತಕಕ್ಕೂ ಶಿಲ್ಪಕ್ಕೂ ಇದು ಸಲ್ಲುತ್ತದೆ. ಮೇಮ್ ಸಾಮಾನ್ಯವಾಗಿ ಬದುಕಿರುವ ದೇಹದ ಮಾತು, ಶಾಶ್ವತ ನಷ್ಟದ ಮಾತು. ಆದ್ದರಿಂದ ‘ಸ್ವಲ್ಪ ಮೇಮ್ ಆಯಿತು’ ಎನ್ನಲಾಗದು. ಕಾಲು ಉಳುಕಿದ ಕ್ರಿಕೆಟ್ ಆಟಗಾರನಿಗೆ ಇದನ್ನು ಹಚ್ಚಿದರೆ ತಪ್ಪು. ಭಾರಿ ಸುದ್ದಿಯಂತೆ ಕೇಳಲೆಂದು ಇಂಜುರ್ ಜಾಗದಲ್ಲಿ ಮೇಮ್ ಹಾಕುವ ಶೀರ್ಷಿಕೆಗಳು ಓದುಗರಿಗೆ ಸುಳ್ಳು ಹೇಳುತ್ತವೆ.

ನಿಮ್ಮ ಮಗಳು ಓದಿದ ಸುದ್ದಿಯಲ್ಲಿ ಈ ಪದ ಸರಿಯಾದ ಜಾಗದಲ್ಲೇ ಇದೆ. ನೆಲಬಾಂಬ್ ಕಾಲಡಿಯಲ್ಲಿ ಸಿಡಿಯುತ್ತದೆ. ಬದುಕಿ ಉಳಿದವರು ಎಷ್ಟೋ ಸಲ ಪಾದವನ್ನೋ ಕಾಲನ್ನೋ ಕಳೆದುಕೊಳ್ಳುತ್ತಾರೆ. ಜನರ ವಿರುದ್ಧದ ನೆಲಬಾಂಬುಗಳನ್ನು ನಿಷೇಧಿಸುವ 1997ರ ಒಟ್ಟಾವ ಒಪ್ಪಂದದ ಮುನ್ನುಡಿಯೂ ಇದೇ ಪದ ಬಳಸಿದೆ. ಯುದ್ಧದಲ್ಲಿ ಮಕ್ಕಳ ಮೇಲಾಗುವ ಆರು ಘೋರ ಅನ್ಯಾಯಗಳೆಂದು ವಿಶ್ವಸಂಸ್ಥೆ ಗುರುತಿಸಿರುವವುಗಳಲ್ಲಿ ಕೊಲ್ಲುವುದು ಮತ್ತು ಮೇಮ್ ಮಾಡುವುದು ಒಟ್ಟಿಗೆ ಒಂದು. ಹಾಗೆ ಮಾಡುವ ಪಡೆಗಳ ಹೆಸರನ್ನು ವಿಶ್ವಸಂಸ್ಥೆಯ ವಾರ್ಷಿಕ ವರದಿಯಲ್ಲಿ ಪಟ್ಟಿ ಮಾಡಬೇಕೆಂದು ಭದ್ರತಾ ಮಂಡಳಿ 2009ರಲ್ಲಿ 1882ನೇ ಸಂಖ್ಯೆಯ ನಿರ್ಣಯ ಮಾಡಿತು.

ಕನ್ನಡದಲ್ಲಿ ಇದಕ್ಕೆ ಅತ್ಯಂತ ಹತ್ತಿರದ ಮಾತು ನಮ್ಮ ಹಳ್ಳಿಗಳಲ್ಲೇ ಇದೆ: ಊನ. ‘ಕೈ ಊನವಾಯಿತು’, ‘ಕಾಲು ಊನ ಮಾಡಿದರು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬರವಣಿಗೆಯಲ್ಲಿ ‘ಊನಗೊಳಿಸು’, ‘ಅಂಗ ಊನ ಮಾಡು’ ಎನ್ನಬಹುದು. ಕಡಿದು ತೆಗೆದದ್ದು ಸ್ಪಷ್ಟವಾಗಿದ್ದರೆ ‘ಕೈ ಕಡಿದರು’, ‘ಕಣ್ಣು ಕಿತ್ತರು’ ಎಂದು ನೇರವಾಗಿ ಬರೆಯುವುದೇ ಉತ್ತಮ. ‘ಗಂಭೀರವಾಗಿ ಗಾಯಗೊಂಡರು’ ಎಂಬ ಪತ್ರಿಕೆಯ ಮಾತು ಮೇಮ್‌ಗೆ ಸಾಲದು. ಅದು ಇಂದಿನ ಸ್ಥಿತಿಯನ್ನು ಹೇಳುತ್ತದೆ, ನಾಳೆಯ ನಷ್ಟವನ್ನು ಹೇಳುವುದಿಲ್ಲ. ಅಪಘಾತವಾದ ದಿನ ಗಂಭೀರ ಗಾಯವೆಂದೇ ಬರೆಯಿರಿ. ಕಾಲು ತೆಗೆಯಬೇಕಾಯಿತೆಂದು ವೈದ್ಯರು ತಿಳಿಸಿದ ಮೇಲೆ ಊನದ ಮಾತು ಬರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಮೇಮ್ ಎಂಬುದು ಏಟು ಕೊಟ್ಟವನು ಮಾಡಿದ ಕೃತ್ಯಕ್ಕೆ ಹೆಸರು. ಏಟು ತಿಂದವರಿಗೆ ಹೆಸರಲ್ಲ. ‘ಅವನ ಕೈಯನ್ನು ಊನ ಮಾಡಿದರು’ ಎನ್ನಿ. ‘ಅವನು ಊನಾಂಗ’ ಎಂದು ಕರೆದು ಮುಗಿಸಬೇಡಿ. ಇಂಗ್ಲಿಷಿನಲ್ಲೂ ಮನುಷ್ಯರನ್ನು ಮೇಮ್ಡ್, ಕ್ರಿಪಲ್ಡ್ ಎಂದು ಕರೆಯುವುದನ್ನು ಈಗ ಅವಮಾನವೆಂದೇ ತಿಳಿಯುತ್ತಾರೆ. ಕೃತ್ಯವನ್ನು ಹೇಳುವಾಗ ಮಾಡಿದವನ ಹೆಸರು ವಾಕ್ಯದಲ್ಲಿ ಇರಲಿ. ಆ ಮೇಲಿನ ಬದುಕನ್ನು ಹೇಳುವಾಗ ಆ ವ್ಯಕ್ತಿಯ ಹೆಸರು, ಕಸುಬು, ಕೆಲಸ ಇರಲಿ. ದೇಹ ರಾಜನ ಸೊತ್ತಾಗಿದ್ದ ಕಾಲದಲ್ಲಿ ಕಾನೂನು ಹೋದ ಅಂಗವನ್ನು ಮಾತ್ರ ನೋಡುತ್ತಿತ್ತು. ಅಂಗ ಕಳೆದುಕೊಂಡ ಮನುಷ್ಯನನ್ನು ನೋಡಲು ಅದು ಶತಮಾನಗಳನ್ನು ತೆಗೆದುಕೊಂಡಿತು. ನಾವು ಬರೆಯುವ ಪ್ರತಿ ವಾಕ್ಯವೂ ಅಷ್ಟು ದೂರ ಬಂದಿರಬೇಕು.